ಸ್ವಾತಂತ್ರ್ಯಕ್ಕೊಂದು ಬಾಲಬೋಧೆ

2025ನೆಯ ಇಸವಿಯ ಅಕ್ಟೋಬರ್ 14ನೆಯ ತಾರೀಖು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ತಾನು ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11 ಬೇಕೆಂದರೆ ಯಂತ್ರದೊಳಗೆ ಟಿಪಿಎಂ 2.0 ಎಂಬ ರಕ್ಷಣಾ ಸಾಧನವೂ ಸಾಕಷ್ಟು ಹೊಸದಾದ ಪ್ರೊಸೆಸರೂ ಇರತಕ್ಕದ್ದೆಂದು ಆ ಸಂಸ್ಥೆಯ ವಿಧಿ. ಇದರ ಫಲವಾಗಿ, ಕೀಲಿಮಣೆ ಸವೆಯದ, ಪರದೆ ಮಾಸದ, ಇನ್ನೂ ನಾಲ್ಕಾರು ವರ್ಷ ನಿಶ್ಚಿಂತೆಯಾಗಿ ದುಡಿಯಬಲ್ಲ ಅಸಂಖ್ಯ ಲ್ಯಾಪ್‌ಟಾಪುಗಳು ಒಂದೇ ದಿನದಲ್ಲಿ ವಯಸ್ಸಾದವುಗಳ ಪಟ್ಟಿಗೆ ಸೇರಿಹೋದವು.

ಇಂಥ ಯಂತ್ರಗಳ ಒಡೆಯರಲ್ಲಿ ಕಂತಿನ ಮೇಲೆ ಕೊಂಡ ವಿದ್ಯಾರ್ಥಿಗಳಿದ್ದಾರೆ, ಸಂಬಳದಲ್ಲಿ ಉಳಿಸಿ ಕೊಂಡ ಅಧ್ಯಾಪಕರಿದ್ದಾರೆ. ಹೊಸದನ್ನು ಕೊಳ್ಳಲಾರದೆ, ಹಳೆಯದನ್ನು ಎಸೆಯಲು ಮನಸ್ಸೊಪ್ಪದೆ ಇರುವ ಇವರ ಕಿವಿಗೆ ಲಿನಕ್ಸ್ ಎಂಬ ಹೆಸರು ಬೀಳುವುದು ಸಹಜ. ಅದಕ್ಕೆ ಬೆಲೆಯಿಲ್ಲ, ಹಳೆಯ ಯಂತ್ರದಲ್ಲಿಯೂ ಹಗುರವಾಗಿ ನಡೆಯುತ್ತದೆ ಎಂಬ ಮಾತನ್ನು ನಂಬಿ ಬರುತ್ತಾರೆ. ಮಾತು ಸುಳ್ಳೂ ಅಲ್ಲ. ಆದರೂ ಬಂದವರಲ್ಲಿ ಎಷ್ಟೋ ಜನ ವಾರ ತುಂಬುವುದರೊಳಗೆ ಬೇಸತ್ತು, ‘ಇದು ನಮ್ಮಂಥವರಿಗಲ್ಲ’ ಎಂದು ಹಿಂದಿರುಗುವುದುಂಟು. ಈ ಒಂದು ಮಾತು ವಿಚಾರಯೋಗ್ಯವಾದದ್ದು. ಯಂತ್ರಶಾಸ್ತ್ರದ ವಿಷಯವೆಂದು ಇದನ್ನು ಸಾಹಿತ್ಯದ ಪುಟದಿಂದ ಹೊರಗಿಡುವಂತಿಲ್ಲ. ಬರೆಯುವವರ, ಓದುವವರ, ಪಾಠ ಹೇಳುವವರ ಉಪಕರಣದ ಮಾತು ಇದು. ಲೆಕ್ಕಣಿಕೆಯ ಯೋಗಕ್ಷೇಮ ಲೇಖಕನಿಗೆ ಸಂಬಂಧಿಸದ ವಿಷಯವೆಂದು ಯಾರೂ ಹೇಳಲಾರರಷ್ಟೆ.

ಲಿನಕ್ಸಿನ ಹುಟ್ಟನ್ನು ಸ್ವಲ್ಪದರಲ್ಲಿ ನೆನೆಯಬಹುದು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬುವರು, ಯಾರು ಬೇಕಾದರೂ ಬಳಸಬಹುದಾದ, ಒಳಗನ್ನು ತೆರೆದು ನೋಡಬಹುದಾದ, ತಿದ್ದಬಹುದಾದ, ಇತರರಿಗೆ ಹಂಚಬಹುದಾದ ತಂತ್ರಾಂಶವನ್ನು ಕಟ್ಟುವೆವೆಂದು ಸಾರಿ ಗ್ನೂ ಎಂಬ ಯೋಜನೆಯನ್ನು ಹೂಡಿದರು. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ, ಇಪ್ಪತ್ತೊಂದು ವರ್ಷದ ಲಿನಸ್ ಟೋರ್ವಾಲ್ಡ್ಸ್, ಕಂಪ್ಯೂಟರಿನ ಅಂಗಾಂಗಗಳನ್ನೆಲ್ಲ ಆಳುವ ಒಂದು ತಿರುಳನ್ನು ಬರೆದು ಹೊರಗಿಟ್ಟರು. ಮರುವರ್ಷ ಅದೂ ಗ್ನೂ ಯೋಜನೆಯ ಪರವಾನಗಿಯಡಿಯಲ್ಲಿಯೇ ಬಂದಿತು. ಈ ತಿರುಳಿಗೆ ಬೇರೆ ಬೇರೆ ಬಳಗಗಳು ಬೇರೆ ಬೇರೆ ಸಲಕರಣೆಗಳನ್ನು ಜೋಡಿಸಿ ಹಂಚುತ್ತ ಬಂದುದರಿಂದ ಡೆಬಿಯನ್, ಫೆಡೋರಾ, ಉಬುಂಟು, ಮಿಂಟ್ ಮೊದಲಾದ ವಿತರಣೆಗಳು ಬೆಳೆದವು. 2017ರ ನವೆಂಬರಿನಿಂದೀಚೆಗೆ ಲೋಕದ ಅತಿ ಬಲಿಷ್ಠವಾದ ಐನೂರು ಕಂಪ್ಯೂಟರುಗಳ ಪಟ್ಟಿಯಲ್ಲಿ ಒಂದೊಂದೂ ಲಿನಕ್ಸಿನಿಂದಲೇ ನಡೆಯುತ್ತಿದೆ. ವಾಚಕರ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನಾದರೆ ಅದರ ತಿರುಳೂ ಲಿನಕ್ಸೇ.

ಹಾಗಾದರೆ ಫೋನಿನಲ್ಲಿ ಸದ್ದಿಲ್ಲದೆ ದುಡಿಯುವ ವಸ್ತು ಲ್ಯಾಪ್‌ಟಾಪಿನಲ್ಲಿ ಹೊಸಬರನ್ನು ಕಾಡುವುದೇಕೆ? ಕಾರಣ ಗಹನವಾದುದಲ್ಲ. ಫೋನಿನಲ್ಲಿ ಅದನ್ನು ಕೂರಿಸಿ, ಯಂತ್ರಕ್ಕೆ ಹೊಂದಿಸಿ, ಪರೀಕ್ಷಿಸಿ ಕೊಟ್ಟವರು ತಯಾರಕರು. ವಿಂಡೋಸಿನ ವಿಷಯವೂ ಹಾಗೆಯೇ; ಅಂಗಡಿಯಿಂದ ತಂದ ದಿನವೇ ಅದು ಒಳಗಿತ್ತು. ಅದನ್ನು ತಾವೇ ಕೂರಿಸಿದವರು ನಮ್ಮಲ್ಲಿ ಎಷ್ಟು ಮಂದಿ? ಲಿನಕ್ಸಿಗೆ ಬರುವ ಹೊಸಬರು ಮಾತ್ರ ಮನೆ ಕಟ್ಟುವ ಮೇಸ್ತ್ರಿಯೂ ತಾವೇ, ಒಕ್ಕಲಾಗುವ ಗೃಹಸ್ಥರೂ ತಾವೇ ಆಗಬೇಕಾಗಿದೆ. ಗೃಹಪ್ರವೇಶದ ದಿನವೇ ಗಾರೆ ಕಲಸಬೇಕೆಂದರೆ ಬೇಸರವಾಗದೆ ಹೇಗಿದ್ದೀತು?

ಮೊದಲನೆಯ ತೊಡಕು ವೈಫೈ. ಲಿನಕ್ಸನ್ನು ಕೂರಿಸಿದ್ದಾಯಿತು, ಪರದೆ ಬೆಳಗಿತು, ಆದರೆ ಅಂತರಜಾಲವಿಲ್ಲ. ವೈಫೈ ಬಿಲ್ಲೆಯನ್ನು ಮಾಡಿದ ಕೆಲವು ತಯಾರಕರು ಅದನ್ನು ನಡೆಸುವ ಸಣ್ಣ ತಂತ್ರಾಂಶವನ್ನು ಮುಕ್ತವಾಗಿ ಬಿಟ್ಟುಕೊಟ್ಟಿಲ್ಲವಾಗಿ, ಅದನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು; ಇಳಿಸಿಕೊಳ್ಳುವುದಕ್ಕೆ ಅಂತರಜಾಲ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು. ತತ್ತ್ವನಿಷ್ಠೆಗೆ ಹೆಸರಾದ ಡೆಬಿಯನ್ ಬಳಗವೇ ಈ ಸಂಕಟವನ್ನು ಮನಗಂಡು, 2023ರ ತನ್ನ ಹನ್ನೆರಡನೆಯ ಆವೃತ್ತಿಯಿಂದ ಅಂಥ ತುಣುಕುಗಳನ್ನು ಅಧಿಕೃತ ಪ್ರತಿಯೊಳಗೇ ಸೇರಿಸತೊಡಗಿತು. ಅಲ್ಲಿಗೂ ಆಗದಿದ್ದರೆ ಫೋನನ್ನು ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿ ಫೋನಿನ ಅಂತರಜಾಲವನ್ನೇ ಹಂಚಿಕೊಂಡರೆ ಗಂಟು ಸಾಮಾನ್ಯವಾಗಿ ಬಿಡುತ್ತದೆ. ಪರಿಹಾರ ಒಂದು ವಾಕ್ಯದಷ್ಟು ಚಿಕ್ಕದು. ಆ ವಾಕ್ಯ ಹೇಳುವವರಿಲ್ಲದೆ ಎರಡು ದಿನ ಹಾಳು.

ಎರಡನೆಯದು ಗಡಿಯಾರ. ಒಂದೇ ಯಂತ್ರದಲ್ಲಿ ವಿಂಡೋಸನ್ನೂ ಲಿನಕ್ಸನ್ನೂ ಇಟ್ಟುಕೊಂಡವರು ವಿಂಡೋಸಿಗೆ ಮರಳಿದಾಗ, ಬೆಳಗಿನ ಹತ್ತು ಗಂಟೆಗೆ ಪರದೆ ನಾಲ್ಕೂವರೆ ಎಂದು ತೋರಿಸುವುದನ್ನು ಕಂಡು ಯಂತ್ರ ಕೆಟ್ಟಿತೆಂದೇ ಭಾವಿಸುತ್ತಾರೆ. ಕೆಟ್ಟದ್ದು ಯಾವುದೂ ಇಲ್ಲ. ಯಂತ್ರದ ಒಳಗಡಿಯಾರದಲ್ಲಿ ಲಿನಕ್ಸ್ ಇಡುವುದು ಸಾರ್ವತ್ರಿಕ ಕಾಲಮಾನ. ವಿಂಡೋಸ್ ಅದನ್ನು ಸ್ಥಳೀಯ ಕಾಲವೆಂದು ಓದುತ್ತದೆ. ಭಾರತದ ಕಾಲ ಅದಕ್ಕಿಂತ ಐದೂವರೆ ಗಂಟೆ ಮುಂದೆ, ವ್ಯತ್ಯಾಸವೂ ಅಷ್ಟೇ. ಮೂರನೆಯದು ಗುಪ್ತಪದ. ಆಜ್ಞೆ ಬರೆಯುವ ಕಪ್ಪು ಕಿಟಕಿಯಲ್ಲಿ ಗುಪ್ತಪದ ಕೇಳಿದಾಗ ಎಷ್ಟು ಒತ್ತಿದರೂ ಅನೇಕ ವಿತರಣೆಗಳಲ್ಲಿ ಅಕ್ಷರವಿರಲಿ, ಚುಕ್ಕೆಯೂ ಮೂಡುವುದಿಲ್ಲ. ಕೀಲಿಮಣೆ ಸತ್ತಿತೆಂದು ಹೊಸಬರು ಅಂಜುತ್ತಾರೆ. ಬಗಲಿನಲ್ಲಿ ನಿಂತವರಿಗೆ ಗುಪ್ತಪದದ ಉದ್ದವೂ ತಿಳಿಯಬಾರದೆಂಬುದು ಅಲ್ಲಿಯ ಹಳೆಯ ಸಂಪ್ರದಾಯ. ನೋಡಿದರೆ ಪ್ರತಿಯೊಂದು ತೊಡಕಿನ ಹಿಂದೆಯೂ ಒಂದು ಕಾರಣವಿದೆ. ಆದರೆ ಕಾರಣ ತಿಳಿದವರಿಗೆ ಅದು ತೊಡಕಾಗಿ ಕಾಣುವುದಿಲ್ಲ. ತೊಡಕೆಂದು ಕಂಡವರಿಗೆ ಕಾರಣ ತಿಳಿದಿರುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇವುಗಳ ಜೊತೆಗೆ ಬೇರೆ ಎರಡು ಪರೀಕ್ಷೆಗಳಿವೆ. ಲಿನಕ್ಸಿನಲ್ಲಿ ಕನ್ನಡ ಕೀಲಿಮಣೆಯನ್ನು ಆರಿಸಿಕೊಂಡರೆ ಮೊದಲು ದೊರೆಯುವುದು ಸಾಮಾನ್ಯವಾಗಿ ಸರ್ಕಾರದ ಮಾನಕವಾದ ಇನ್‌ಸ್ಕ್ರಿಪ್ಟ್ ವಿನ್ಯಾಸ. ನುಡಿ ತಂತ್ರಾಂಶದ ವಿನ್ಯಾಸಕ್ಕೆ ಬೆರಳು ಪಳಗಿದವರು ಅದರಲ್ಲಿ ‘ಮನ’ ಎಂದು ಒತ್ತಿದರೆ ಪರದೆಯ ಮೇಲೆ ‘ಸಲ’ ಎಂದು ಬೀಳುತ್ತದೆ. ಇಪ್ಪತ್ತು ವರ್ಷದಿಂದ ಕನ್ನಡ ಬೆರಳಚ್ಚು ಮಾಡಿದವರಿಗೆ ತಮ್ಮ ಭಾಷೆಯೇ ಮರೆತಂತಾಗುವ ಗಳಿಗೆ ಅದು. ಅದೇ ಪಟ್ಟಿಯಲ್ಲಿ ಕಗಪ ಎಂಬ ಹೆಸರಿನಲ್ಲಿ ಅವರ ಬೆರಳು ಬಲ್ಲ ವಿನ್ಯಾಸವೂ ಇರುವುದನ್ನು ತೋರಿಸಿಕೊಟ್ಟವರು ಇಲ್ಲ.

ಎರಡನೆಯ ಪರೀಕ್ಷೆ ಇನ್ನೂ ಗಂಭೀರವಾದುದು. ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರಶೈಲಿಗಳಲ್ಲಿ ಬರೆದಿಟ್ಟ ಪಾಠದ ಟಿಪ್ಪಣಿ, ಪ್ರಬಂಧ, ಕವನಗಳನ್ನು ಲಿನಕ್ಸಿನಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಲಸಿದ ಒಂದು ಅನ್ನಸಂತರ್ಪಣೆ ಕಾಣುತ್ತದೆ. ಲಿನಕ್ಸ್ ನನ್ನ ಬರಹವನ್ನು ಕೆಡಿಸಿತೆಂದು ಬರೆದವರು ಗೋಳಾಡುವುದು ಸಹಜ. ನಿಜಸ್ಥಿತಿ ಬೇರೆ. ಆ ಕಡತಗಳಲ್ಲಿ ಮೊದಲಿನಿಂದಲೂ ಇದ್ದದ್ದು ರೋಮನ್ ಲಿಪಿಯ ಸಂಕೇತಗಳೇ. ಒಂದು ನಿರ್ದಿಷ್ಟ ಅಕ್ಷರಶೈಲಿಯ ಕನ್ನಡಕ ತೊಟ್ಟು ನೋಡಿದಾಗ ಮಾತ್ರ ಅವು ಕನ್ನಡವಾಗಿ ಕಾಣುತ್ತಿದ್ದವು. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡದ ಅಕ್ಷರಗಳಿಗೆ ಸ್ವಂತ ಸ್ಥಾನ ದೊರೆತಿತ್ತು. ಆ ಬಳಿಕವೂ ನಾವು ಬಹುಕಾಲ ಬಾಡಿಗೆಯ ಮನೆಯಲ್ಲಿಯೇ ಬರೆಯುತ್ತಿದ್ದೆವು. ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ತಿರುಗಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಿನಿಂದ ನೋಡಿ ತಿದ್ದಿಕೊಳ್ಳಬೇಕು. ಲಿನಕ್ಸಿಗೆ ಹೋಗದವರೂ ಮಾಡಲೇಬೇಕಾದ ಕೆಲಸ ಇದು. ಇಲ್ಲವಾದರೆ ಇಂದು ಬರೆದವರ ಹಸ್ತಪ್ರತಿಯನ್ನು ನಾಳೆಯವರು ಓದಲಾರರು. ತಾಳೆಯ ಗರಿಗೆ ಗೆದ್ದಲೊಂದೇ ಶತ್ರುವಲ್ಲ.

ಇಂಥ ಸಂದರ್ಭದಲ್ಲಿ ಹೊಸಬರಿಗೆ ದೊರೆಯುವ ನೆರವು ಎರಡು ಬಗೆಯದು. ಒಂದು, ‘ಕೈಪಿಡಿಯನ್ನು ಓದಿಕೊಳ್ಳಿ’ ಎಂಬ ಬಿರುನುಡಿ. ಆ ಕೈಪಿಡಿ ಇಂಗ್ಲಿಷಿನಲ್ಲಿದೆ, ಅದೂ ಬಲ್ಲವರಿಗಾಗಿ ಬಲ್ಲವರು ಬರೆದ ಸೂತ್ರಪ್ರಾಯವಾದ ಇಂಗ್ಲಿಷಿನಲ್ಲಿ. ಭಾಷ್ಯವಿಲ್ಲದೆ ಸೂತ್ರವನ್ನು ಎಸೆದು ಪಾಠವಾಯಿತೆನ್ನುವ ಗುರುವನ್ನು ನಾವು ತರಗತಿಯಲ್ಲಿ ಒಪ್ಪುವುದಿಲ್ಲ. ಇನ್ನೊಂದು, ‘ಈ ಸಾಲನ್ನು ಹಾಗೆಯೇ ಅಂಟಿಸಿ’ ಎಂಬ ಉಪಕಾರ. ಇದು ಮೊದಲನೆಯದಕ್ಕಿಂತ ಸೌಮ್ಯ, ಆದರೆ ಹೆಚ್ಚು ಅಪಾಯಕರ. ಸುಡೊ ಎಂಬ ಪದದಿಂದ ಆರಂಭವಾಗುವ ಆಜ್ಞೆಗೆ ಯಂತ್ರದ ಸರ್ವಾಧಿಕಾರ ದೊರೆಯುತ್ತದೆ. ಅಳಿಸೆಂದರೆ ಅಳಿಸುತ್ತದೆ, ಮರಳಿ ಕೇಳುವುದಿಲ್ಲ. ಅರ್ಥ ತಿಳಿಯದ ಮಂತ್ರವನ್ನು ಪಠಿಸಿ ಇಷ್ಟಾರ್ಥ ಸಿದ್ಧಿಸಿದರೂ ಪಠಿಸಿದವರು ಕಲಿತದ್ದೇನೂ ಇಲ್ಲ. ಮುಂದಿನ ತೊಡಕಿಗೆ ಮತ್ತೆ ಮಂತ್ರವಾದಿಯ ಮನೆಗೇ ಹೋಗಬೇಕು.

ಇಷ್ಟೆಲ್ಲ ಕಷ್ಟವೇಕೆ, ಹಣ ಕೊಟ್ಟು ಹೊಸ ಯಂತ್ರ ಕೊಳ್ಳಬಾರದೆ ಎಂದು ಕೇಳುವವರ ಮಾತಿನಲ್ಲಿಯೂ ನ್ಯಾಯವಿದೆ. ವಿಂಡೋಸಿನಲ್ಲಿ ಮಾತ್ರ ನಡೆಯುವ ಒಂದು ತಂತ್ರಾಂಶವೇ ಜೀವನೋಪಾಯವಾಗಿರುವವರು ಅದನ್ನು ಬಿಟ್ಟು ಬರಬೇಕಾದುದಿಲ್ಲ. ಸಮಯವೂ ಹಣವೇ. ಆದರೆ ಇಲ್ಲಿರುವ ಲಾಭ ಬೆಲೆಯೊಂದರದೇ ಅಲ್ಲ. ಇಂಗ್ಲಿಷಿನಲ್ಲಿ ಬಿಟ್ಟಿ ಎಂಬುದಕ್ಕೂ ಸ್ವತಂತ್ರ ಎಂಬುದಕ್ಕೂ ಒಂದೇ ಪದವಿರುವುದರಿಂದ ಸ್ಟಾಲ್ಮನ್ ಅವರು ಆ ಭೇದವನ್ನು ವಿವರಿಸುತ್ತಲೇ ಬರಬೇಕಾಯಿತು. ಕನ್ನಡಕ್ಕೆ ಆ ತೊಂದರೆಯಿಲ್ಲ. ನಮಗೆ ಎರಡು ಪದಗಳೂ ಇವೆ, ಭೇದವೂ ಗೊತ್ತು. ಬಿಟ್ಟಿ ಬಂದದ್ದನ್ನು ಕೊಟ್ಟವರು ಹಿಂದಕ್ಕೆ ಪಡೆಯಬಹುದು. ಸ್ವತಂತ್ರವಾದದ್ದನ್ನು ನಮ್ಮ ಭಾಷೆಗೆ, ನಮ್ಮ ಲಿಪಿಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಶೈಲಿಗಳು ಇಂದು ಡೆಬಿಯನ್ ಭಂಡಾರದಲ್ಲಿ ಯಾರಿಗೆ ಬೇಕಾದರೂ ದೊರೆಯುತ್ತಿರುವುದು ಈ ಹಕ್ಕಿನಿಂದಲೇ. ಹಕ್ಕು ಕೈಯಲ್ಲಿದ್ದೂ ಅದನ್ನು ಚಲಾಯಿಸುವ ಅಕ್ಷರಜ್ಞಾನವಿಲ್ಲದಿದ್ದರೆ ಪ್ರಯೋಜನವೇನು? ಸ್ವಾತಂತ್ರ್ಯಕ್ಕೂ ಒಂದು ಓನಾಮ ಬೇಕು.

ಇದು ಆಗದ ಕೆಲಸವೇನಲ್ಲ. ನೆರೆಯ ಕೇರಳವು ತನ್ನ ಶಾಲೆಗಳ ಕಂಪ್ಯೂಟರ್ ಶಿಕ್ಷಣವನ್ನು ಲಿನಕ್ಸಿನ ಮೇಲೆ ನಿಲ್ಲಿಸಿ ಅನೇಕ ವರ್ಷಗಳಾದವು. ಅಲ್ಲಿಯ ಮಕ್ಕಳು ಪವಾಡಪುರುಷರಲ್ಲ. ಅವರಿಗೆ ಪಠ್ಯವಿತ್ತು, ತರಬೇತಿ ಪಡೆದ ಉಪಾಧ್ಯಾಯರಿದ್ದರು, ಯಂತ್ರವನ್ನು ಮೊದಲೇ ಅಣಿಗೊಳಿಸಿ ಇಟ್ಟಿದ್ದರು, ಅಷ್ಟೇ. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ ಆ ವ್ಯವಸ್ಥೆಯೊಳಗೇ ಇರುವುದನ್ನು ನೆನೆದರೆ, ಕನ್ನಡದ ಮಕ್ಕಳಿಗೆ ಲಿನಕ್ಸ್ ಒಗ್ಗದೆಂಬ ಮಾತು ಅಲ್ಲಿಗೇ ಮುಗಿಯಿತು.

ನಮ್ಮಲ್ಲಿ ಇಲ್ಲದಿರುವುದು ಪುಸ್ತಕ. ಇದೂ ನಮ್ಮ ಪರಂಪರೆಗೆ ಹೊಸತಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುತ್ತಿದ್ದ, ಮುಂದೆ ಪಂಪಭಾರತವನ್ನು ಸಂಪಾದಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಶಿವರಾಮ ಕಾರಂತರು ಕಾದಂಬರಿಗಳ ನಡುವೆ ಬಿಡುವು ಮಾಡಿಕೊಂಡು ‘ಬಾಲಪ್ರಪಂಚ’ವನ್ನೂ ‘ವಿಜ್ಞಾನ ಪ್ರಪಂಚ’ವನ್ನೂ ಬರೆದರು. ಸಸ್ಯಶಾಸ್ತ್ರಜ್ಞರಾದ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಇಂದಿಗೂ ಸಾಹಿತ್ಯದ ತರಗತಿಗಳಲ್ಲಿ ಓದುವ ಕೃತಿ. ಆ ಮಹನೀಯರ ಕಾಲದಲ್ಲಿಯೂ ‘ವಿಜ್ಞಾನ ನಮ್ಮ ಭಾಷೆಗಲ್ಲ’ ಎನ್ನುವವರು ಇದ್ದೇ ಇದ್ದರು. ಇವರು ವಾದಕ್ಕೆ ನಿಲ್ಲದೆ ಬರೆದು ತೋರಿಸಿದರು.

ಇಂದು ಬೇಕಾಗಿರುವುದು ನೂರು ಪುಟದ ಒಂದು ಬಾಲಬೋಧೆ. ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ತೆಗೆದಿಟ್ಟುಕೊಳ್ಳದೆ ಯಾವ ಗುಂಡಿಯನ್ನೂ ಒತ್ತಬಾರದೆಂಬುದು ಅದರ ಮೊದಲ ಪಾಠವಾಗಲಿ. ಲಿನಕ್ಸನ್ನು ಕೂರಿಸದೆಯೇ ಪೆನ್‌ಡ್ರೈವಿನಿಂದ ನಡೆಸಿ, ವೈಫೈ, ಧ್ವನಿ, ಕನ್ನಡ ಮೂರೂ ಸರಿಯಿವೆಯೇ ಎಂದು ನೋಡುವ ಕ್ರಮ ಎರಡನೆಯದಾಗಲಿ. ಅನಂತರ ಕೀಲಿಮಣೆ, ಹಳೆಯ ಕಡತ, ಮುದ್ರಣ. ಕೊನೆಯಲ್ಲಿ ಹತ್ತೇ ಹತ್ತು ಆಜ್ಞೆಗಳು, ಒಂದೊಂದರ ಅರ್ಥದೊಡನೆ. ಕಂಪ್ಯೂಟರ್ ವಿಭಾಗದ ಅಧ್ಯಾಪಕರು ವಿಷಯವನ್ನು ಹೇಳಲಿ, ಕನ್ನಡ ವಿಭಾಗದವರು ವಾಕ್ಯವನ್ನು ಕಟ್ಟಲಿ, ಮೊದಲ ವರ್ಷದ ವಿದ್ಯಾರ್ಥಿಯೊಬ್ಬನು ಅದನ್ನು ಓದಿ ಎಲ್ಲಿ ಎಡವಿದನೋ ಅಲ್ಲಿ ಗುರುತು ಹಾಕಲಿ. ಒಂದು ಬೇಸಗೆಯ ರಜೆಯಲ್ಲಿ ಮುಗಿಯುವ ಕೆಲಸ. ಎರಡು ವಿಭಾಗಗಳ ನಡುವೆ ಇರುವುದು ಬಹುಮಟ್ಟಿಗೆ ಒಂದು ಪಡಸಾಲೆ. ಅದನ್ನು ದಾಟಲು ಯಾರ ಅಪ್ಪಣೆಯೂ ಬೇಕಾಗಿಲ್ಲ.