ದೇವರ ಮುಂದ ಅಷ್ಟ ಕನ್ನಡ?

ಹೋದ ಶ್ರಾವಣದಾಗ ಒಂದ ಸೋಮವಾರ ಮಗಳು ಅಮೆರಿಕಾದಿಂದ ವಿಡಿಯೋ ಕಾಲ್ ಹಚ್ಚಿದ್ಲು. ಮೊಮ್ಮಗಳು ಕೈಯಾಗ ಇಷ್ಟಲಿಂಗ ಹಿಡಕೊಂಡು ಬಸವಣ್ಣನ ವಚನ ಅಂದ್ಲು, ಒಂದಕ್ಷರ ತಪ್ಪಲಿಲ್ಲ. ನನ್ನ ಕಣ್ಣಾಗ ನೀರು ಬಂತು. "ಹಂಗಂದ್ರೇನವಾ ತಂಗಿ?" ಅಂತ ಕೇಳಿದ್ರ, ಕೂಸು ಅವ್ವನ ಮಾರಿ ನೋಡಿತು. ಇಂಗ್ಲಿಷ್ ಅಕ್ಷರದಾಗ ಬರಕೊಂಡು ಬಾಯಿಪಾಠ ಮಾಡಿತ್ತು.

ಬಾಜೂಕ ಕುಂತಿದ್ದ ನಮ್ಮ ವೈನಿ, "ಆಕಿಗೆ ತಿಳೀದಿದ್ರೇನಾತು, ದೇವರಿಗೆ ತಿಳಿತೈತಿ" ಅಂದ್ರು. ನಂಗ ಅದು ಪಟಾಯಿಸಲಿಲ್ಲ. ಮಂದೀಗಿ ತಿಳೀಲಿ ಅಂತನ ಶರಣರು 12ನೇ ಶತಮಾನದಾಗ ಸಂಸ್ಕೃತ ಬಿಟ್ಟು ಕನ್ನಡದಾಗ ಹೇಳಿದ್ದು. ತಿಳೀದಂಗ ಅಂದ್ರ ಅದೂ ಮಂತ್ರನ ಆತಲ್ರೀ.

ಮಗಳ ಮನಿ ಅಯೋವಾ ರಾಜ್ಯದಾಗ ಐತಿ. ಅಲ್ಲಿ ಲೂಥರನ್ ಕ್ರಿಶ್ಚನ್ ಮಂದಿ ಭಾಳ. ಅವರ ಹಿರಿಯಾರು ಜರ್ಮನಿ, ನಾರ್ವೆ, ಡೆನ್ಮಾರ್ಕ್ ಕಡಿಂದ ಹೊಟ್ಟಿಪಾಡಿಗೆ ಹೋದವರು, ಚರ್ಚಿನ್ಯಾಗ ತಮ್ಮ ತಮ್ಮ ಭಾಷಾದಾಗ ಪ್ರಾರ್ಥನಾ ಮಾಡತಿದ್ರು. 1918ರಾಗ, ಜರ್ಮನಿ ಕೂಡ ಯುದ್ಧ ನಡದಾಗ, ಅಲ್ಲಿನ ಗವರ್ನರ್ ಹಾರ್ಡಿಂಗ್ ಒಂದ ಹುಕುಂ ಹೊರಡಿಸಿದ. ಸಾಲ್ಯಾಗ, ರೈಲಿನ್ಯಾಗ, ಫೋನಿನ್ಯಾಗ, ಚರ್ಚಿನ್ಯಾಗನೂ ಇಂಗ್ಲಿಷ್ ಅಷ್ಟ. ಇಂಗ್ಲಿಷ್ ಬರದವರು ಮನ್ಯಾಗ ಕುಂತು ಪ್ರಾರ್ಥನಾ ಮಾಡ್ಕೋರಿ ಅಂತ! ಮುದುಕ್ಯಾರ ಹೊಟ್ಟಿ ಎಷ್ಟು ಉರದಿರಬೇಕು.

ಆದ್ರ ಬರೇ ಹುಕುಮಿನಿಂದ ಆ ಭಾಷಾ ಹೋಗಲಿಲ್ಲ. ಹುಡುಗರ ಸಾಲಿ, ಆಟ, ಜಗಳ ಎಲ್ಲಾ ಇಂಗ್ಲಿಷ್ ಆದ್ವು. ಅಜ್ಜಿ ಮಾತು ಚರ್ಚಿನ್ಯಾಗ ಅಷ್ಟ ಉಳೀತು, ಆಮ್ಯಾಲ ಅಲ್ಲೂ ಹೋತು. ಮಗಳ ಬಾಜೂಮನಿ ಮುದುಕಿ ಹತ್ರ ಅವರ ಅಜ್ಜಿದು ಜರ್ಮನ್ ಹಾಡಿನ ಪುಸ್ತಕ ಐತಂತ. ಬಟ್ಟಿ ಸುತ್ತಿ ಇಟ್ಟಾಳ, ಓದಾಕ ಬರೂದಿಲ್ಲ.

ಅದೇ ಜರ್ಮನಿಂದ ನಮ್ಮ ಧಾರವಾಡಕ್ಕ ಬಂದ ಕಿಟೆಲ್ ಸಾಹೇಬ್ರು ನೋಡ್ರಿ, ಕನ್ನಡ ಕಲ್ತು 1894ರಾಗ ಅಷ್ಟು ದೊಡ್ಡ ಶಬ್ದಕೋಶ ಮಾಡಿದ್ರು. ಬಾಸೆಲ್ ಮಿಶನ್ನಿನವರು ಈ ಕಡೆ ಕಟ್ಟಿದ ಚರ್ಚುಗಳಾಗ ಇವತ್ತಿಗೂ ಕನ್ನಡದಾಗ ಹಾಡತಾರ, ಯಾಕಂದ್ರ ಆ ಮಂದಿ ಮನ್ಯಾಗ ಆಡೂದೂ ಕನ್ನಡನ.

ಮಗಳಿಗೆ ಅಂದೇಬಿಟ್ಟೆ: "ಊಟಕ್ಕ ಕರಿಯೂದು ಇಂಗ್ಲಿಷಿನ್ಯಾಗ, ಬೈಯೂದು ಇಂಗ್ಲಿಷಿನ್ಯಾಗ, ದೇವರ ಮುಂದ ಅಷ್ಟ ಕನ್ನಡ ಅಂದ್ರ ಹೆಂಗವಾ? ವಚನ ಕನ್ನಡದಾಗ ಇರಲಿ, ಅರ್ಥಾ ಇಂಗ್ಲಿಷಿನ್ಯಾಗ ಹೇಳು, ಅದಕ್ಕ ನಾಚಿಕಿ ಬ್ಯಾಡ. ಅಡಗಿಮನ್ಯಾಗ ಕನ್ನಡ ಆಡು." ದೂರದವರನ್ನ ಯಾಕ ಅನ್ನೂದು, ನಮ್ಮ ನೇಸರಗ್ಯಾಗನೂ ಇಂಗ್ಲಿಷ್ ಮೀಡಿಯಂ ಹುಡುಗ್ರು "ಐವತ್ತೊಂಬತ್ತು ಅಂದ್ರ ಎಷ್ಟು?" ಅಂತ ಕೇಳತಾವು.

ಮಗಳು ಸಿಟ್ಟಾಗಿ ಎಂಟು ದಿನ ಫೋನ್ ಹಚ್ಚಲಿಲ್ಲ. ಈಗ ರವಿವಾರಕ್ಕೊಮ್ಮೆ ಕೂಸ ಹಚ್ಚತೈತಿ, "ಆಯಿ, ರೊಟ್ಟಿ ಬಡದೇನ?" ಅಂತೈತಿ.