ಎಷ್ಟು ಕೂಗಿಗೆ ಇಳಿಸಬೇಕು?

ಕುಕ್ಕರ್‌ನಲ್ಲಿ ತೊಗರಿಬೇಳೆಗೆ ನಾಲ್ಕು ಕೂಗು, ಅನ್ನಕ್ಕೆ ಮೂರು. ನಮ್ಮ ಮನೆಯಲ್ಲಿ ಇದು ಅಮ್ಮ ಹಾಕಿಕೊಟ್ಟ ಕಟ್ಟಳೆ. ಬೋರ್‌ವೆಲ್ ಬತ್ತಿ ಕಾವೇರಿ ನೀರು ಬಂದ ಮೇಲೂ ನಾಲ್ಕು ನಾಲ್ಕಾಗಿಯೇ ಉಳಿಯಿತು. ಬೇಳೆ ಕರಗಿ ಗಂಜಿಯಾಗುತ್ತಿದ್ದರೂ ಲೆಕ್ಕ ಬದಲಿಸುವ ಧೈರ್ಯ ಯಾರಿಗೂ ಬರಲಿಲ್ಲ. ಗಡಸು ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ, ಅದಕ್ಕೇ ನಾಲ್ಕು ಎಂಬುದು ಅಮ್ಮನಿಗೆ ಗೊತ್ತಿತ್ತು. ನಮಗೆ ದಾಟಿ ಬಂದದ್ದು ಅಂಕಿ ಮಾತ್ರ.

ಸಾಫ್ಟ್‌ವೇರ್ ಸೇವೆಗಳನ್ನು ಕಾಯುವ ಅಲರ್ಟ್ ನಿಯಮಗಳ ಕಥೆಯೂ ಇದೇ. 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯಲ್ಲಿ ಶುರುವಾಗಿ, ಈಗ ಎಲ್ಲೆಡೆ ಬಳಕೆಯಲ್ಲಿರುವ ಪ್ರೊಮಿಥಿಯಸ್ ಎಂಬ ನಿಗಾ ತಂತ್ರಾಂಶವನ್ನೇ ನೋಡಿ. ಅದರಲ್ಲಿ ಬರೆಯುವ ಒಂದು ನಿಯಮ ಹೀಗಿರಬಹುದು: ಪಾವತಿ ಸೇವೆಗೆ ಬಂದ ಕೋರಿಕೆಗಳಲ್ಲಿ ನೂರಕ್ಕೆ 5ಕ್ಕಿಂತ ಹೆಚ್ಚು ವಿಫಲವಾಗಿ, ಅದು 10 ನಿಮಿಷ ಬಿಡದೆ ಮುಂದುವರಿದರೆ, ಆನ್‌ಕಾಲ್‌ನಲ್ಲಿ ಇರುವವರನ್ನು ಎಬ್ಬಿಸು. ಐದೇ ಏಕೆ, ಹತ್ತೇ ಏಕೆ? ತೀರ್ಮಾನಿಸಿದವರು ಎಂದೋ ಬೇರೆ ಕಂಪನಿ ಸೇರಿರುತ್ತಾರೆ.

ಈಗ ಇಂಥ ನಿಯಮಗಳನ್ನು ಹುಡುಕಿ ತಂದುಕೊಡುವ ಕೆಲಸ ಎಐ ಏಜೆಂಟ್‌ಗಳ ಕೈಗೆ ಬಂದಿದೆ. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಕಂಪನಿ, ಏಜೆಂಟ್‌ಗಳಿಗೆ ಹೊರಗಿನ ಟೂಲ್‌ಗಳನ್ನು ಜೋಡಿಸುವ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಪ್ರಕಟಿಸಿದ ಮೇಲೆ, ನಿಯಮಗಳನ್ನು ಓದಿ ತರುವ ಇಂಥದ್ದೊಂದು ಟೂಲ್ ಜೋಡಿಸುವುದು ಸಲೀಸಾಗಿದೆ. ‘ಓದುತ್ತದೆ ಅಷ್ಟೇ, ಏನನ್ನೂ ತಿದ್ದುವುದಿಲ್ಲವಲ್ಲ, ಅಪಾಯವೇನು?’ ಎನ್ನುವವರು ಬಹಳ. ನನಗೆ ಆ ಸಮಾಧಾನ ಅರ್ಧ ಮಾತ್ರ ಸರಿ ಅನ್ನಿಸುತ್ತದೆ.

ಸರಿಯಾದ ಅರ್ಧ ಸಣ್ಣದೇನಲ್ಲ. ಗಂಟೆಗಳು ಒಟ್ಟಿಗೆ ಬಾರಿಸಿದಾಗ ಮನುಷ್ಯನ ತಲೆ ಓಡುವುದಿಲ್ಲ. 1994ರಲ್ಲಿ ವೇಲ್ಸ್‌ನ ಮಿಲ್‌ಫರ್ಡ್ ಹೇವನ್‌ನ ತೈಲ ಸಂಸ್ಕರಣಾಗಾರದಲ್ಲಿ ಸ್ಫೋಟಕ್ಕೆ ಮುಂಚಿನ 11 ನಿಮಿಷಗಳಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ 275 ಅಲಾರಂಗಳು ಬಂದಿದ್ದವು. ನಡುರಾತ್ರಿ ನಿದ್ದೆಗಣ್ಣಲ್ಲಿ ನೂರಾರು ಫೈಲುಗಳಲ್ಲಿ ಒಂದು ನಿಯಮ ಹುಡುಕುವವರಿಗೆ ಈ ಟೂಲ್ ನಿಜಕ್ಕೂ ಆಸರೆ. ಗ್ರಾಹಕರು ಅರ್ಧ ಗಂಟೆಯಿಂದ ಬೈಯುತ್ತಿದ್ದರೂ ಅಲರ್ಟ್ ಬಂದಿಲ್ಲ ಎನ್ನೋಣ. ನಿಯಮ ಕಣ್ಣೆದುರು ಬಂದರೆ ಗುಟ್ಟು ಬಯಲಾಗುತ್ತದೆ: ಒಂಬತ್ತನೇ ನಿಮಿಷದಲ್ಲಿ ಒಂದೇ ಒಂದು ಸಲ ಪ್ರಮಾಣ 4.9ಕ್ಕೆ ಇಳಿದರೂ ಹತ್ತು ನಿಮಿಷದ ಎಣಿಕೆ ಮತ್ತೆ ಸೊನ್ನೆಯಿಂದ ಆರಂಭ.

ಇನ್ನರ್ಧಕ್ಕೆ ಬರೋಣ. ಗ್ಯಾಸ್ಕೆಟ್ ಸಡಿಲವಾದ ಕುಕ್ಕರ್ ಕೂಗುವುದೇ ಇಲ್ಲ. ತಳ ಹಿಡಿಯುವುದು ಅದರಲ್ಲೇ. ಪ್ರೊಮಿಥಿಯಸ್‌ನಲ್ಲಿ ಅಳತೆಯೇ ಬರುವುದು ನಿಂತುಹೋದರೆ ನಿಯಮಕ್ಕೆ ತೂಗಿ ನೋಡಲು ಏನೂ ಸಿಗುವುದಿಲ್ಲ, ಅದು ‘ಇನ್‌ಆಕ್ಟಿವ್’ ಎಂದೇ ತೋರಿಸುತ್ತದೆ. ಆರೋಗ್ಯವಾಗಿರುವ ಸೇವೆಯ ಮುಂದೆಯೂ ಇರುವುದು ಅದೇ ಪದ. ಅಳತೆ ಕಾಣೆಯಾಗಿದೆಯೇ ಎಂದು ನೋಡಲು ‘ಆಬ್ಸೆಂಟ್’ ಎಂಬ ಫಂಕ್ಷನ್ ಬೇರೆಯೇ ಇದೆ. ಅದನ್ನು ಯಾರಾದರೂ ನೆನಪಿಟ್ಟು ಬರೆದಿರಬೇಕು. ಟೂಲ್ ಖಾಲಿ ಪಟ್ಟಿ ತಂದಾಗಲೂ ಇದೇ ತೊಡಕು. ನಿಯಮ ಇಲ್ಲವೋ, ಓದುವ ಅನುಮತಿ ಇಲ್ಲವೋ, ಪಟ್ಟಿಯ ಮೊದಲ ಪುಟವಷ್ಟೇ ಬಂದಿದೆಯೋ? ಏಜೆಂಟ್ ಇವನ್ನೆಲ್ಲ ‘ಯಾವ ನಿಯಮವೂ ಇಲ್ಲ’ ಎಂಬ ಒಂದು ಸಾಲಿಗೆ ಇಳಿಸಿದರೆ, ಅದು ಏನನ್ನೂ ತಿದ್ದದೆಯೇ ನಮ್ಮ ದಾರಿ ತಪ್ಪಿಸಿರುತ್ತದೆ. ಕಂಡದ್ದನ್ನು ಹೇಳಿದಂತೆಯೇ ಎಲ್ಲಿ ನೋಡಲಾಗಲಿಲ್ಲ ಎಂಬುದನ್ನೂ ಹೇಳುವ ಟೂಲ್ ಬೇಕು.

ಇದಕ್ಕಿಂತ ನವಿರಾದ ಅಪಾಯ ಇನ್ನೊಂದು. ‘ಐದೇ ಏಕೆ?’ ಎಂದು ಏಜೆಂಟ್ ಅನ್ನು ಕೇಳಿ. ನಿಯಮದಲ್ಲಿ ಕಾರಣ ಬರೆದಿರದಿದ್ದರೂ ಒಪ್ಪವಾದ ಉತ್ತರ ಬಂದೀತು. ಭಾಷಾ ಮಾದರಿಗೆ ಸಂಭವನೀಯ ಕಾರಣ ಹೆಣೆಯುವುದು ಕಷ್ಟದ ಕೆಲಸವಲ್ಲ. ‘ಅಮ್ಮ ಹೇಳಿದ್ದಳು, ಕಾರಣ ಗೊತ್ತಿಲ್ಲ’ ಎನ್ನುವ ನಮ್ಮ ಮನೆಯ ಅಜ್ಞಾನದಲ್ಲಿ ಒಂದು ಪ್ರಾಮಾಣಿಕತೆಯಾದರೂ ಇತ್ತು. ಹೆಣೆದ ಕಾರಣ ಆ ಅನುಮಾನವನ್ನೂ ಕಿತ್ತುಕೊಳ್ಳುತ್ತದೆ. ಅದನ್ನು ನಂಬಿ ಐದನ್ನು ಹತ್ತು ಮಾಡುವವರು ಮನುಷ್ಯರೇ. ತಿದ್ದುವ ಅಧಿಕಾರ ಟೂಲ್‌ಗೆ ಇಲ್ಲ ಎಂಬ ಸಮಾಧಾನ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಹಾಗೆಂದು ಟೂಲ್ ಬೇಡ ಎನ್ನುತ್ತಿಲ್ಲ. ಅದು ತಂದುಕೊಡುವುದು ನಾವು ಬರೆದಿಟ್ಟಿದ್ದನ್ನು ತಾನೆ? ಪ್ರೊಮಿಥಿಯಸ್ ನಿಯಮದಲ್ಲಿ ಟಿಪ್ಪಣಿಗೆಂದೇ ‘ಅನೊಟೇಷನ್ಸ್’ ಎಂಬ ಜಾಗವಿದೆ. ಅಲ್ಲಿ ‘ಎರರ್ ಜಾಸ್ತಿಯಾಗಿದೆ’ ಎಂದು ಬರೆಯುವುದು ಕುಕ್ಕರ್ ಕೂಗುತ್ತಿದೆ ಎಂದು ಹೇಳಿದ ಹಾಗೆ. ಕೂಗು ಕೇಳಿಸಿದವರಿಗೆ ಅದು ಗೊತ್ತೇ ಇದೆ. ಈ ಅಂಕಿ ಯಾವ ಪರಿಸ್ಥಿತಿಗೆ ಇಟ್ಟದ್ದು, ಏನು ಬದಲಾದರೆ ಇದನ್ನು ಬದಲಿಸಬೇಕು ಎಂಬ ಎರಡು ಸಾಲು ಅಲ್ಲಿದ್ದರೆ, ಏಜೆಂಟ್ ಊಹಿಸಬೇಕಾಗಿಲ್ಲ, ಓದಿದರೆ ಸಾಕು.

ನಮ್ಮ ಬೇಳೆ ಡಬ್ಬಿಯ ಮೇಲೆ ಈಗೊಂದು ಚೀಟಿ ಅಂಟಿದೆ: ‘ಕಾವೇರಿ ನೀರಿಗೆ ಮೂರು ಕೂಗು. ಟ್ಯಾಂಕರ್ ನೀರು ಗಡಸು, ನಾಲ್ಕು.’