ವಿದೇಶಿ ಒಡಂಬಡಿಕೆಗಳು ಮತ್ತು ಭೀಮಾತೀರದ ತರಗತಿ

ಜೇವರ್ಗಿ ತಾಲ್ಲೂಕಿನ ಇಜೇರಿಯಿಂದ ಎಂ.ಎ. ಓದಲು ಕಲಬುರಗಿಗೆ ಹೊರಟ ವಿದ್ಯಾರ್ಥಿನಿಯೊಬ್ಬಳು ಕಟ್ಟಿಸಂಗಾವಿಯ ಸೇತುವೆಯ ಮೇಲೆ ಭೀಮಾನದಿಯನ್ನು ದಾಟುತ್ತಾಳೆ ಎಂದುಕೊಳ್ಳೋಣ. ಅದೇ ನದಿ ಅಲ್ಲಿಂದ ಕೆಳಗೆ ಹರಿದು ಚಿತ್ತಾಪುರ ತಾಲ್ಲೂಕಿನ ಸನ್ನತಿಯನ್ನೂ ಅದರ ನೆರೆಯ ಕನಗನಹಳ್ಳಿಯನ್ನೂ ಮುಟ್ಟುತ್ತದೆ. ಸನ್ನತಿಯಲ್ಲಿ ಅಶೋಕನ ಶಾಸನಗಳು ದೊರೆತವು. ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಿಂದ ಮಹಾಸ್ತೂಪವೊಂದು ಬೆಳಕಿಗೆ ಬಂದಿತು. ಅದರ ಫಲಕವೊಂದರಲ್ಲಿ ಅಶೋಕನ ಶಿಲ್ಪವೂ ಅದರೊಡನೆ ಅವನ ಹೆಸರೂ ಇವೆ. ಆ ಹೆಸರಿನ ಬ್ರಾಹ್ಮಿ ಅಕ್ಷರಗಳನ್ನು ಈ ವಿದ್ಯಾರ್ಥಿನಿ ಓದಬಲ್ಲಳೇ? ಫಲಕಗಳ ಮೇಲಿನ ಪ್ರಾಕೃತಕ್ಕೆ ಅರ್ಥ ಹೇಳಬಲ್ಲಳೇ? ನಮ್ಮ ಕನ್ನಡ ಮತ್ತು ಇತಿಹಾಸ ವಿಭಾಗಗಳು ಉತ್ತರಿಸಬೇಕಾದ ಪ್ರಶ್ನೆಗಳಿವು.

ಈ ಸ್ತೂಪವನ್ನು ಅಗೆದು ತೆಗೆದದ್ದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ. ವರದಿ ಬರೆದವರು ಕೆ.ಪಿ. ಪೂಣಚ್ಚ. ಅಲ್ಲಿನ ಶಾಸನಗಳನ್ನು ಜರ್ಮನಿಯ ಓಸ್ಕರ್ ಫಾನ್ ಹಿನ್ಯೂಬರ್ ಮತ್ತು ಜಪಾನಿನ ಮಾಯಿಕೊ ನಕಾನಿಶಿ ಒಟ್ಟಾಗಿ ಸಂಪಾದಿಸಿದರು. ಜಪಾನಿನ ಸೋಕಾ ವಿಶ್ವವಿದ್ಯಾಲಯವು ಅದನ್ನು 2014ರಲ್ಲಿ ಪ್ರಕಟಿಸಿತು. ಸ್ತೂಪದ ಅಂಡಭಾಗವನ್ನು ಹೊದಿಸಿದ್ದ 60 ಬೃಹತ್ ಫಲಕಗಳನ್ನು ವಿಶ್ಲೇಷಿಸಿದ ಮೋನಿಕಾ ತ್ಸಿನ್ ಅವರ ಗ್ರಂಥ 2018ರಲ್ಲಿ ಬಂದಿತು. ಹೀಗೆ ಭೀಮಾತೀರದ ಕಲ್ಲೊಂದರ ಸುತ್ತ ಮೂರು ದೇಶಗಳ ವಿದ್ವತ್ತು ಕೂಡಿತು. ಅವರ ಶ್ರಮಕ್ಕೆ ನಾವು ಋಣಿಗಳು. ಆದರೆ ಆ ಕೂಟದಲ್ಲಿ ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗೆ ಆಸನವೆಲ್ಲಿತ್ತು? ಆ ಗ್ರಂಥಗಳು ನಮ್ಮ ಎಷ್ಟು ತರಗತಿಗಳ ಮೇಜಿಗೆ ಬಂದಿವೆ?

ಅಂತರರಾಷ್ಟ್ರೀಯ ಸಹಯೋಗವೆಂಬ ಮಾತು ಇಂದು ಎಲ್ಲ ಕುಲಪತಿಗಳ ಭಾಷಣದಲ್ಲಿದೆ. 2015ರಲ್ಲಿ ಆರಂಭವಾದ ‘ಜ್ಞಾನ್’ ಯೋಜನೆಯು ವಿದೇಶಿ ಪ್ರಾಧ್ಯಾಪಕರನ್ನು ಕರೆಸಿ ಅಲ್ಪಾವಧಿಯ ಪಾಠ ಮಾಡಿಸಲು ಹಣ ಕೊಡುತ್ತದೆ. ಅವಳಿ ಹಾಗೂ ಜಂಟಿ ಪದವಿಗಳಿಗೆ ಯುಜಿಸಿ 2022ರಲ್ಲಿ ನಿಯಮಾವಳಿಯನ್ನೇ ರೂಪಿಸಿದೆ. ನ್ಯಾಕ್ ಮೌಲ್ಯಮಾಪನದಲ್ಲಿ ಒಡಂಬಡಿಕೆಗಳ ಲೆಕ್ಕಕ್ಕೆ ಅಂಕವುಂಟು. ಲೆಕ್ಕಕ್ಕೆ ಅಂಕ ದೊರೆಯುವಲ್ಲಿ ಲೆಕ್ಕವೇ ಬೆಳೆಯುತ್ತದೆ. ಸಹಿಯ ದಿನ ಶಾಲು, ಹಾರ, ಛಾಯಾಚಿತ್ರ. ಮರುದಿನದಿಂದ ಕಡತಕ್ಕೆ ಧೂಳು. ನಾನು ಕಂಡ ಒಂದು ವಿಭಾಗದಲ್ಲಿ ವಿದೇಶಿ ಅತಿಥಿಯ ಉಪನ್ಯಾಸ ಮುಗಿದ ಮೇಲೆ ಅವರು ಚರ್ಚಿಸಿದ ಪಠ್ಯದ ಒಂದು ಪ್ರತಿಯೂ ಗ್ರಂಥಾಲಯದಲ್ಲಿರಲಿಲ್ಲ. ಇದನ್ನು ಸಹಯೋಗವೆಂದು ಕರೆಯಲು ನನಗೆ ನಾಚಿಕೆಯಾಗುತ್ತದೆ.

ನಿಜವಾದ ಸಹಯೋಗ ಹೇಗಿರುತ್ತದೆಂದು ತಿಳಿಯಲು ದೂರ ಹೋಗಬೇಕಿಲ್ಲ. ಸೇಡಂ ತಾಲ್ಲೂಕಿನ ಮಳಖೇಡ, ಅಂದಿನ ಮಾನ್ಯಖೇಟ, ಇದಕ್ಕೆ ಸಾಕ್ಷಿ. ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವನ್ನು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಪ್ರಕಟಿಸಿದರು. ಅವರು ಬಳಸಿದ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. ಆ ಗ್ರಂಥಕ್ಕೆ ಪ್ರಸ್ತಾವನೆ ಬರೆದವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಡೇವಿಡ್ ಯೂಜೀನ್ ಸ್ಮಿತ್. ಅವರು 1908ರಲ್ಲೇ ರೋಮಿನ ಅಂತರರಾಷ್ಟ್ರೀಯ ಗಣಿತ ಸಮಾವೇಶದಲ್ಲಿ ಈ ಕೃತಿಯನ್ನು ಪರಿಚಯಿಸಿದ್ದರು. ಪಠ್ಯಜ್ಞಾನ ಒಬ್ಬರದು, ಗಣಿತದ ಜಾಗತಿಕ ಇತಿಹಾಸದ ಅರಿವು ಇನ್ನೊಬ್ಬರದು. ಎರಡೂ ಕೂಡಿದ್ದರಿಂದ ರಾಷ್ಟ್ರಕೂಟರ ರಾಜಾಶ್ರಯದ ಕಾಲದ ಗಣಿತ ವಿಶ್ವದ ಚರಿತ್ರೆಯೊಳಗೆ ಸೇರಿತು.

ಅದೇ ಮಾನ್ಯಖೇಟದಲ್ಲಿ ಮೂರನೆಯ ಕೃಷ್ಣನ ಮಂತ್ರಿ ಭರತನ ಆಶ್ರಯದಲ್ಲಿ ಪುಷ್ಪದಂತನು ಅಪಭ್ರಂಶ ಮಹಾಪುರಾಣವನ್ನು ರಚಿಸಿದನು. ಅದರ ಹರಿವಂಶ ಭಾಗವನ್ನು ಲುಡ್ವಿಗ್ ಆಲ್ಸ್‌ಡಾರ್ಫ್ 1936ರಲ್ಲಿ ಹ್ಯಾಂಬರ್ಗಿನಿಂದ ಪ್ರಕಟಿಸಿದರು; ಇಡೀ ಕೃತಿಯನ್ನು ಪಿ.ಎಲ್. ವೈದ್ಯರು 1937ರಿಂದ 1941ರವರೆಗೆ ಮೂರು ಸಂಪುಟಗಳಲ್ಲಿ ಸಂಪಾದಿಸಿದರು. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿ ಕೊಲ್ಹಾಪುರದಲ್ಲಿ ಪಾಠ ಹೇಳುತ್ತಿದ್ದ ಆ.ನೇ. ಉಪಾಧ್ಯೆಯವರು 1943ರ ‘ಬೃಹತ್ಕಥಾಕೋಶ’ದ ಪೀಠಿಕೆಯಲ್ಲಿ ಜೈನ ಕಥಾಸಾಹಿತ್ಯದ ವಿಶಾಲ ಪರಂಪರೆಯೊಳಗಿಟ್ಟು ‘ವಡ್ಡಾರಾಧನೆ’ಯನ್ನು ಚರ್ಚಿಸಿದರು. ಅದನ್ನು ಓದದೆ ವಡ್ಡಾರಾಧನೆಯ ಆಕರಗಳನ್ನು ಕುರಿತು ಇಂದಿಗೂ ಪಾಠ ಹೇಳುವಂತಿಲ್ಲ. ಇವರಾರಿಗೂ ವಿಶ್ವವಿದ್ಯಾಲಯಗಳ ನಡುವಿನ ಒಡಂಬಡಿಕೆ ಬೇಕಾಗಲಿಲ್ಲ. ಇವರ ನಡುವೆ ಇದ್ದದ್ದು ಒಂದೇ ಪಠ್ಯದ ಮೇಲಿನ ಆಸಕ್ತಿ ಮತ್ತು ಪರಸ್ಪರರ ಬರಹವನ್ನು ಓದುವ ಶಿಸ್ತು.

ಇಲ್ಲಿ ಎರಡು ಬಗೆಯ ಆಕ್ಷೇಪಗಳು ಕೇಳಿಬರುತ್ತವೆ. ನಮ್ಮ ಪಠ್ಯವನ್ನು ನಮಗೆ ಹೊರಗಿನವರು ಕಲಿಸಬೇಕೇ ಎಂಬುದು ಮೊದಲನೆಯದು. ಅಭಿಮಾನದ ಮಾತು ನಿಜ. ಆದರೆ ಹಾಗೆ ಕೇಳುವವರ ವಿಭಾಗದಲ್ಲಿ ಪ್ರಾಕೃತ ಬಲ್ಲವರಿದ್ದಾರೆಯೇ? ಇಲ್ಲವಾದರೆ ಆ ಅಭಿಮಾನ ಅಜ್ಞಾನಕ್ಕೆ ಹೊದಿಸಿದ ಶಾಲಾಗುತ್ತದೆ. ಎರಡನೆಯದು ಇದಕ್ಕಿಂತ ಗಂಭೀರವಾದುದು: ಹಣವೂ ಪ್ರಕಾಶನವೂ ಅವರ ಕೈಯಲ್ಲಿರುವಾಗ ನಾವು ಸಾಮಗ್ರಿ ಒದಗಿಸುವ ಸೇವಕರಾಗಿಬಿಡುತ್ತೇವೆ ಎಂಬುದು. ಈ ಭಯಕ್ಕೆ ಆಧಾರವಿದೆ. ಬಾಗಿಲು ಮುಚ್ಚಿದರೆ ಅದು ನೀಗುವುದಿಲ್ಲ. ನಮ್ಮ ಷರತ್ತುಗಳನ್ನು ಮೊದಲೇ ಮುಂದಿಟ್ಟರೆ ನೀಗುತ್ತದೆ.

ಆ ಷರತ್ತುಗಳನ್ನು ಹೇಳಿಬಿಡುತ್ತೇನೆ. ಇಲ್ಲಿನ ಶಾಸನವನ್ನೋ ಹಸ್ತಪ್ರತಿಯನ್ನೋ ಓದುವ ಯಾವುದೇ ಜಂಟಿ ಯೋಜನೆಯಲ್ಲಿ ಇಲ್ಲಿನ ಸ್ನಾತಕೋತ್ತರ ವಿದ್ಯಾರ್ಥಿಗಳು ಆರಂಭದಿಂದಲೇ ಭಾಗಿಗಳಾಗಿರಬೇಕು. ಪಡಿಯಚ್ಚು ಮತ್ತು ಡಿಜಿಟಲ್ ಚಿತ್ರಗಳ ಒಂದು ಪ್ರತಿ ಸ್ಥಳೀಯ ವಿಶ್ವವಿದ್ಯಾಲಯದಲ್ಲಿ ಉಳಿಯಬೇಕು. ಫಲಿತಾಂಶ ಇಂಗ್ಲಿಷಿನಲ್ಲಿ ಬಂದ ವರ್ಷದೊಳಗೆ ಕನ್ನಡದಲ್ಲಿಯೂ ಬರಬೇಕು. ವಾರಕ್ಕೊಂದು ಗಂಟೆ ಲೈಪ್‌ಜಿಗ್ ಅಥವಾ ಮ್ಯೂನಿಕ್‌ನ ವಿದ್ಯಾರ್ಥಿಗಳೊಡನೆ ಅಂತರ್ಜಾಲದ ಮೂಲಕ ಒಂದೇ ಶಾಸನವನ್ನು ಸಾಲುಸಾಲಾಗಿ ಓದುವ ತರಗತಿ ನಡೆಯಬೇಕು; ಅದಕ್ಕೆ ವಿಮಾನದ ಟಿಕೆಟ್ಟು ಬೇಕಿಲ್ಲ. ಅಲ್ಲಿನವರು ಬ್ರಾಹ್ಮಿ ಲಿಪಿಯ ಕಾಲನಿರ್ಣಯದ ವಿಧಾನವನ್ನು ತರಲಿ. ನಮ್ಮ ಹುಡುಗಿ ಊರ ಹೆಸರು, ಹೊಲದ ಹೆಸರು, ಆಡುಮಾತಿನ ಜ್ಞಾನವನ್ನು ತರುತ್ತಾಳೆ. ಪಿ.ಬಿ. ದೇಸಾಯಿಯವರು 1957ರ ತಮ್ಮ ಗ್ರಂಥದಲ್ಲಿ ಸೇಡಂ, ಮಳಖೇಡ, ಅಡಕಿಗಳ ಜೈನ ಶಾಸನಗಳನ್ನು ಚರ್ಚಿಸಿದ್ದಾರೆ. ಇಂಥ ತರಗತಿಯ ಮೊದಲ ಪಾಠಕ್ಕೆ ಅವೇ ಸಾಕು.

ಸಂಶೋಧನಾಧಾರಿತ ಬೋಧನೆಯೆಂದರೆ ಉತ್ತರ ಇನ್ನೂ ಸಿದ್ಧವಿಲ್ಲದ ಪ್ರಶ್ನೆಯ ಮುಂದೆ ಗುರುಶಿಷ್ಯರು ಜೊತೆಯಾಗಿ ಕೂರುವುದು. 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯವೂ 2009ರಲ್ಲಿ ಸ್ಥಾಪನೆಯಾಗಿ ಈಗ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯವೂ ಈ ನೆಲದಲ್ಲಿವೆ. ಸನ್ನತಿ, ಮಳಖೇಡಗಳೆರಡೂ ಅವುಗಳ ಜಿಲ್ಲೆಯವೇ. ಇನ್ನು ಮುಂದೆ ಯಾವುದೇ ವಿದೇಶಿ ಒಡಂಬಡಿಕೆಯ ಸಭೆಯಲ್ಲಿ ಅಧ್ಯಾಪಕರು ಎದ್ದು ಒಂದೇ ಪ್ರಶ್ನೆ ಕೇಳಲಿ: ಇದರಿಂದ ನಮ್ಮ ಎಂ.ಎ.ಯ ಯಾವ ಪತ್ರಿಕೆ ಬದಲಾಗುತ್ತದೆ? ಉತ್ತರ ಬಾರದಿದ್ದರೆ ಸಹಿ ಹಾಕದಿರುವುದೇ ಲೇಸು. ಇಜೇರಿಯ ವಿದ್ಯಾರ್ಥಿನಿ ಕನಗನಹಳ್ಳಿಯ ಫಲಕದ ಮುಂದೆ ನಿಂತು ತಾನೇ ಅಕ್ಷರ ಕೂಡಿಸಿ ಓದುವ ದಿನ ಬಂದರೆ, ಆ ಸಹಯೋಗ ಫಲಿಸಿತೆಂದು ನಾನು ಒಪ್ಪುತ್ತೇನೆ.